ಎಂಟು ಮನೆ

ಹಂಪನಕಟ್ಟೆಯ ಓಣಿಯಂಗಡಿಯಲ್ಲಿ
ಚೌಕಾಸಿ ಮಾಡಿ ಕೊಂಡ ಹಸಿರು ಪರದೆ.
ಎರಡು ಸಾಲು, ಸಾಲಿಗೆ ಹದಿನಾರು ಕಿಟಕಿ.
ಕಾರ್ಖಾನೆಯಲ್ಲೇ ಇಂಗ್ಲಿಷು ಕಲಿತು ಬಂದಿದೆ,
ಕೇಳಿದರೆ ಜಪಾನಿಯಲ್ಲೂ ಬರೆದೀತು.
ಕನ್ನಡ ಬೇಕೆಂದರೆ ಮಾತ್ರ
ನಾವೇ ಚುಕ್ಕಿಯಿಟ್ಟು ತಿದ್ದಿಸಬೇಕು:
ಅಡ್ಡಕ್ಕೆ ಐದು, ಉದ್ದಕ್ಕೆ ಎಂಟು.
ಅದೂ ಎಂಟೇ ಅಕ್ಷರಕ್ಕೆ ಮನೆ;
ಒಂಬತ್ತನೆಯದು ಬಂತೋ
ಒಳಗಿದ್ದ ಒಂದು ಗಂಟುಮೂಟೆ ಕಟ್ಟಬೇಕು.

ನನ್ನದು ಬೆಂಗ್ರೆ ಕಡವಿನ ಟಿಕೇಟು ಮೇಜು.
"ದೋಣಿ ಎಷ್ಟೊತ್ತಿಗೆ?" ದಿನಕ್ಕೆ ಮುನ್ನೂರು ಸಲ.
ಬಾಯಿ ನೋವಿಗೆಂದು ಹಿಡಿದ ಕೆಲಸ ಇದು,
ಬೇರೆ ಘನವಾದ ಕಾರಣವಿಲ್ಲ.

ರಾತ್ರಿ ಚೌಕುಳಿ ಪುಸ್ತಕದಲ್ಲಿ
ಪೆನ್ಸಿಲಿನಿಂದ ಚೌಕ ತುಂಬುತ್ತ ಕೂತೆ.
'ಬ' ಸಲೀಸು, ಮೀನುಬುಟ್ಟಿಯ ಹಾಗೆ ಕೂತುಕೊಂಡಿತು.
'ದೋ' ಬರೆಯಹೋದರೆ ದೀರ್ಘ ಹೊರಗೆ ಉಳಿಯಿತು,
ಬಸ್ಸಿನ ಮೆಟ್ಟಿಲಿಗೆ ಜೋತುಬಿದ್ದವನಂತೆ.
ಪಾಪ, ಅದಕ್ಕೇ ಬೇರೆ ಮನೆ ಮಾಡಿಕೊಟ್ಟೆ.
'ಣಿ' ಮಾತ್ರ ಜಲಜಕ್ಕನ ಜಾತಿ:
ಎರಡು ಸೀಟು ಹಿಡಿದು, ಬುಟ್ಟಿ ಸಮೇತ.
ಒತ್ತಕ್ಷರಕ್ಕೆ ನೆಲಮಾಳಿಗೆಯೇ ಇಲ್ಲ.
'ಬರುತ್ತಿದೆ'ಯ ಕೆಳಗಿನ ತಕಾರವನ್ನು
ದಕ್ಕೆಯಲ್ಲೇ ಇಳಿಸಿ ಎಣಿಸಿದೆ.
ಸರಿಯಾಗಿ ಎಂಟು.

ಕೋಣೆ ತುಂಬ ರಾಳದ ಹೊಗೆ,
ಕಿಟಕಿಯಾಚೆ ಒಣಮೀನು.
ಉಪ್ಪುಗಾಳಿಗೆ ಬೆಸುಗೆ ಹಸಿರುಗಟ್ಟದಿರಲೆಂದು
ಉಗುರುಬಣ್ಣ ಬಳಿದೆ, ಗುಲಾಬಿ. ಮನೆಯಲ್ಲಿದ್ದದ್ದು ಅದೇ.
ಕರೆಂಟು ಕೊಟ್ಟರೆ ಬರೀ ಕರಿ ಚೌಕಗಳು,
ಹದಿನಾರು ಹಲ್ಲು ಕಿರಿದಂತೆ.
ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಇಳಿತದಲ್ಲಿ ಮರುವಾಯಿ ಕಾಣುವ ಹಾಗೆ
ಒಂದೊಂದೇ ಮೇಲೆದ್ದವು:
ದೋಣಿ ಬರುತಿದೆ.
ಪಕ್ಕದಲ್ಲಿ ನಿಮಿಷ, ಹದಿನೆಂಟು.

ಬೆರಳಿಟ್ಟು ಓದಿದಳು ಜಲಜಕ್ಕ.
"ಬರುತಿದೆ! ಪದ್ಯ ಬರೆದಿದ್ದೀಯಾ?
ನಮ್ಮ ಭಾಷೆಯಲ್ಲಿ ಹಾಕಬಾರದಾ,
ಓಡ ಬರ್ಪುಂಡು ಅಂತ?"
ಆ ಅರ್ಕಾವೊತ್ತಿನ ಕಷ್ಟ
ಅವಳಿಗೆ ಹೇಗೆ ಹೇಳಲಿ.

ಪರದೆಗೆ ನದಿ ಕಾಣುವುದಿಲ್ಲ.
ಪುತ್ತುಬಾವ ಹೊರಡುವಾಗ ಗುಂಡಿ ಒತ್ತುತ್ತಾನೆ,
ಆಮೇಲೆ ಅದು ಬರೀ ಎಣಿಸುತ್ತದೆ,
ಅವನ ಮೇಲಿನ ಭರವಸೆಯಲ್ಲಿ.

ಒಂದು ಸಂಜೆ ನಡುಹೊಳೆಯಲ್ಲಿ ಇಂಜಿನು ಕೆಮ್ಮಿ ನಿಂತಿತು.
ಇಳಿತ, ಅಳಿವೆಯ ಕಡೆ ಸೆಳೆತ.
ದಕ್ಕೆಯಲ್ಲಿ ಎಲ್ಲರೂ ನೀರು ಬಿಟ್ಟು
ನನ್ನ ಪರದೆಯನ್ನೇ ನೋಡುತ್ತಿದ್ದರು.
ಮೂರು. ಎರಡು. ಒಂದು. ಸೊನ್ನೆ.
ಸೊನ್ನೆಯ ಕೆಳಗೆ ಏನೆಂದು ನಾನು ಬರೆದಿರಲಿಲ್ಲ.
ಅದು ಗಿರಕಿ ಹೊಡೆದು
ಇನ್ನೂರ ಐವತ್ತೈದಕ್ಕೆ ಹಾರಿತು.
"ನಾಲ್ಕು ಗಂಟೆಯಾ!" ಯಾರೋ ಕಿರುಚಿದರು.
ಬೊಂಡಾಸಿನ ಬುಟ್ಟಿಯ ಮೇಲೆ ಕೂತು
ಜಲಜಕ್ಕ ಎಲೆಯಡಿಕೆ ಬಿಚ್ಚಿದಳು:
"ಬರುತಿದೆ ಅಂತ ಇದೆಯಲ್ಲ ಇನ್ನೂ."

ಬಂತು. ಇನ್ನೊಂದು ದೋಣಿಯ ಹಗ್ಗ ಹಿಡಿದು.
ಪುತ್ತುಬಾವ ಇಳಿದವನೇ ಪರದೆ ನೋಡಿ ನಕ್ಕ,
"ಅಷ್ಟೊತ್ತು ಇರಲಿಲ್ಲ ಮಾರಾಯರೇ ನಾನು."
ಆ ರಾತ್ರಿಯೇ ತಿದ್ದಿದೆ: ಸೊನ್ನೆಗೆ ಬಂದರೆ ಸೊನ್ನೆಯಲ್ಲೇ ನಿಲ್ಲು.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ.
ಕೊನೆಯ ದೋಣಿ ಹೋದಮೇಲೆ
'ಇಲ್ಲ' ಎನ್ನಬೇಕು. ಒತ್ತಿಗೆ ಜಾಗವಿಲ್ಲ.
ಹಿಂದಿನ ದೀಪವನ್ನಷ್ಟೇ ಆರಿಸಿ ಬೀಗ ಹಾಕುತ್ತೇನೆ.
ನಿನ್ನೆ ತಡವಾಗಿ ಬಂದ ಹುಡುಗನೊಬ್ಬ
ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದ:
ಎಂಟೂ ಅಕ್ಷರ ಅಲ್ಲೇ ಇದ್ದವು.
ನಾನು ಬೀಗದ ಕೈ ಹಿಡಿದು ನಿಂತಿದ್ದೆ.
ಅವನು ಚಪ್ಪಲಿ ಬಿಟ್ಟು
ಕಟ್ಟೆಯ ಮೇಲೆ ಕೂತ.