ಹದಿನೇಳನೆಯ ಅಧ್ಯಾಯ

ಫಹಾಹೀಲಿನಲ್ಲಿ ನಮಗೆ ರಾತ್ರಿಯಾಗುವುದು ಬೆಳಗ್ಗೆ ಒಂಬತ್ತಕ್ಕೆ.
ನೈಟ್ ಡ್ಯೂಟಿ ಮುಗಿಸಿ, ಯೂನಿಫಾರಂ ನೆನೆಹಾಕಿ,
ಕಿಟಕಿಗೆ ಬೆಳ್ಳಿಹಾಳೆ ಅಂಟಿಸಿ ಮಾಡಿಕೊಂಡ ಕತ್ತಲು ಅದು.
ಅದರೊಳಗೆ ಎಸ್ತರ್ ಪೊನ್ಮಣಿ
ಮೊಬೈಲಿನ ಟಾರ್ಚು ಹಿಡಿದು
ತನ್ನೂರ ಕಡೆಯ ಕಾದಂಬರಿಕಾರನನ್ನು
ನನಗೆ ಓದಿ ಹೇಳುತ್ತಿದ್ದಳು.

ತಮಿಳು ನನಗೆ ಕಿವಿಯಿಂದ ಮಾತ್ರ ಗೊತ್ತು.
ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ,
ಸತ್ಯಮಂಗಲದ ಬಸ್ಸು ನಿಲ್ಲುವ ಕಡೆ ಕಲಿತದ್ದು.
ಅಕ್ಷರಗಳು ಮಾತ್ರ
ಬಾಗಿಲು ಹಾಕಿದ ಅಂಗಡಿಗಳ ಸಾಲು.

ಆತ ಬರೆದದ್ದು ಒಂಬತ್ತು, ಸಿನಿಮಾಕ್ಕೆ ಹೋದದ್ದು ನಾಲ್ಕು.
ಮೊದಲನೆಯದು ಕಪ್ಪುಬಿಳುಪು,
ಅದರಲ್ಲಿ ಸಮುದ್ರ ಗಂಜಿತಿಳಿಯ ಹಾಗೆ ಕಾಣುತ್ತದಂತೆ.
ಎರಡನೆಯದರಲ್ಲಿ ಸತ್ತವಳನ್ನು ಬದುಕಿಸಿ ಮದುವೆ ಮಾಡಿಸಿದರಂತೆ.
ಮುದುಕ ಟಿಕೆಟ್ಟು ಕೊಂಡು ನೋಡಿ
'ಹೋಗಲಿ, ಹುಡುಗಿಗೆ ಅಲ್ಲಾದರೂ ಒಳ್ಳೇದಾಯಿತಲ್ಲ' ಅಂದನಂತೆ.
ಮೂರನೆಯದು ಡಬ್ಬಿಯಲ್ಲೇ ಉಳಿಯಿತು, ದುಡ್ಡಿನ ಜಗಳ.
ನಾಲ್ಕನೆಯದು ಈ ಶುಕ್ರವಾರ, ಇಲ್ಲೇ, ಮಾಲಿನ ಮೇಲ್ಮಹಡಿಯಲ್ಲಿ.

ಅದು ನಾವು ಎರಡು ಸಲ ಓದಿ ಮುಗಿಸಿದ್ದ ಪುಸ್ತಕ.
ಉಪ್ಪಿನ ಪಾತಿಯಲ್ಲಿ ಬರಿಗಾಲಲ್ಲಿ ದುಡಿಯುವ ಸೆಲ್ಲತ್ತಾಯಿ;
ಗಂಡ ಗಲ್ಫಿಗೆ ಹೋಗುವುದು ಹದಿನೇಳನೆಯ ಅಧ್ಯಾಯ.
ಅಧ್ಯಾಯ ಅಂದರೆ ಅರ್ಧ ಪುಟ:
ಅವನು ಹೋದ.
ಹನ್ನೊಂದು ವರ್ಷ ಅವಳು ಅವನ ತಟ್ಟೆಯನ್ನೂ ತೊಳೆದಿಟ್ಟಳು.
ಅಷ್ಟೇ. ಅಲ್ಲಿಗೆ ಬಂದಾಗೆಲ್ಲ ಎಸ್ತರ್ ಟಾರ್ಚು ಆರಿಸುತ್ತಿದ್ದಳು.
ಅವಳ ಅಪ್ಪ ದಮ್ಮಾಮಿಗೆ ಹೋದವರು.
ಹೇಳಿದ್ದು ಒಂದೇ ಸಲ, ಇಕಾಮಾ ಫಾರಂ ತುಂಬುವಾಗ,
ತಂದೆಯ ಹೆಸರಿನ ಮುಂದೆ ಪೆನ್ನು ನಿಂತಾಗ.

ಆ ಅರ್ಧ ಪುಟ ಪರದೆಯ ಮೇಲೆ ಮುಕ್ಕಾಲು ಗಂಟೆ!
ಮರಳದಿಬ್ಬ, ಒಂಟೆ, ಗಹಗಹಿಸುವ ಗಡ್ಡದ ಧಣಿ,
ನೀಲಿ ರೇಷ್ಮೆ ಹಾರಿಸುತ್ತ ಕನಸಿಗೆ ಓಡಿಬಂದ ಸೆಲ್ಲತ್ತಾಯಿ,
ಉಪ್ಪು ತಿಂದ ಹಿಮ್ಮಡಿಗೆ ಹೈಹೀಲ್ಡು.
ಆರು ವರ್ಷದಲ್ಲಿ ನಾನು ಇಲ್ಲಿ ಒಂಟೆ ನೋಡಿದ್ದು
ಹಾಲಿನ ಬಾಟಲಿಯ ಚಿತ್ರದಲ್ಲಿ.
ಹಿಂದಿನ ಸಾಲಿನ ರಿಫೈನರಿ ಹುಡುಗರು ಕೂಗಿದರು:
'ಡೇಯ್, ನೀರಿನ ಟ್ಯಾಂಕರ್ ಎಲ್ಲಿ? ಎಸಿ ಸೋರೋದು ಎಲ್ಲಿ?'
ಕೆಳಗೆ ಅರಬ್ಬಿ ಸಾಲುಗಳು ಬಲದಿಂದ ಎಡಕ್ಕೆ ಓಡಿದವು.
ಮುತ್ತಿನ ಹತ್ತಿರ ಕತ್ತರಿ ಬಿದ್ದು
ಹೊಸ್ತಿಲಲ್ಲಿದ್ದವಳು ಒಮ್ಮೆಗೇ ಬಾವಿಕಟ್ಟೆಯಲ್ಲಿದ್ದಳು.
ಎಸ್ತರ್ ನಿರ್ದೇಶಕನ ಮೂರು ತಲೆಮಾರನ್ನು
ಪಾಪ್‌ಕಾರ್ನ್ ಜೊತೆ ಅಗಿಯುತ್ತಿದ್ದಳು.

ಆಗ ಬಂದ ಅವನು.
ವಿಮಾನ ನಿಲ್ದಾಣದ ಸಾಲಿನಲ್ಲಿ, ನಾಯಕನ ಹೆಗಲ ಹಿಂದೆ,
ಯಾರೋ ಎಕ್ಸ್‌ಟ್ರಾ, ದಿನಗೂಲಿಯವನು, ಮೂರೇ ಸೆಕೆಂಡು.
ಕವರಿನಲ್ಲಿಟ್ಟ ಪಾಸ್‌ಪೋರ್ಟನ್ನು ಎರಡೂ ಕೈಲಿ ಹಿಡಿದು
ತನ್ನ ಹೆಸರಿನ ಸ್ಪೆಲ್ಲಿಂಗನ್ನು ತುಟಿಯಲ್ಲೇ ಬಾಯಿಪಾಠ ಮಾಡುತ್ತಿದ್ದ.
ಪುಸ್ತಕದಲ್ಲಿ ಅವನಿಲ್ಲ.
ಪಕ್ಕದಲ್ಲಿ ಅಗಿಯುವ ಸದ್ದು ನಿಂತಿತು.
ಮತ್ತೆ ಶುರುವಾಗಲಿಲ್ಲ.

ಬಸ್ಸಿಗೆ ಕಾಯುವಾಗ, ಮಂಗಫಿನ ಕಡೆಯಿಂದ ಬಿಸಿಗಾಳಿ,
ತುಂಬ ಹೊತ್ತಿನ ಮೇಲೆ ಅಂದಳು:
'ಆ ಕವರು ಅಂಗಡೀದಲ್ಲ ಕಣೇ.
ಹಾಲಿನ ಪ್ಯಾಕೆಟ್ಟು. ತೊಳೆದು, ತಂತಿ ಮೇಲೆ ಒಣಗಿಸಿದ್ದು.'
ನಾನು ನೋಡಿರಲಿಲ್ಲ.

ಮರುದಿನ ಬೆಳ್ಳಿಹಾಳೆಯ ರಾತ್ರಿಯಲ್ಲಿ ಮತ್ತೆ ಪುಸ್ತಕ ತೆಗೆದಳು.
ನನ್ನ ಸೆಲ್ಲತ್ತಾಯಿಗೆ ಚಿಕ್ಕಮ್ಮನ ಹರಿದ ಕಿವಿಯಿತ್ತು,
ಓಲೆಯ ಭಾರಕ್ಕೆ ಇಬ್ಭಾಗವಾದದ್ದು.
ಈಗ ಕರೆದರೆ ಆ ನಟಿ ಬಂದು ನಿಲ್ಲುತ್ತಾಳೆ, ನುಣ್ಣಗೆ.
ನಿಧಾನ ಓದು ಅಂದೆ.
ಇನ್ನೂ ನಿಧಾನ.
ಕಿವಿ ಬಂತು. ಮುಖ ಬರಲಿಲ್ಲ.

ಹದಿನೇಳನೆಯ ಅಧ್ಯಾಯ. ಅವನು ಹೋದ, ಅಂತ ಓದಿದಳು.
ಟಾರ್ಚು ಆರಿಸಲಿಲ್ಲ.
ಹೋಗುವಾಗ ಕೈಯಲ್ಲಿ ಹಾಲಿನ ಕವರಿತ್ತು, ಅಂತ ಓದಿದಳು,
ಅದರೊಳಗೆ ಅವನ ಹೆಸರಿತ್ತು,
ಸಾಲು ತುಂಬ ಉದ್ದವಿತ್ತು, ಅಂತ
ಎಲ್ಲೂ ತಡವರಿಸದೆ, ಬೆರಳನ್ನು ಪುಟದ ಮೇಲೆ ಸರಿಸುತ್ತಲೇ ಓದಿದಳು.

ಬೆರಳು ಅರ್ಧ ಪುಟ ದಾಟಿ
ಕೆಳಗಿನ ಖಾಲಿಯಲ್ಲಿ ಹೋಗುತ್ತಿತ್ತು.
ನಾನು ಅಕ್ಷರ ಬಾರದವಳು.
ಆಮೇಲೆ, ಅಂದೆ.