ಮೊದಲ ನೀರು

ಇಪ್ಪತ್ತೆರಡು ವರುಷ ಪೀಠದ ಬಟ್ಟೆ ಒಗೆದವಳು ನಾನು.
ನಾರೆವ್ ಹೊಳೆಯ ಈ ದಡದಲ್ಲಿ ಯಾರನ್ನಾದರೂ ಕೇಳಿ,
ಬೊಗುಮಿಲಾ ಮನೆಯೇ? ಗಂಜಿಯ ವಾಸನೆ ಹಿಡಿದು ಹೋಗಿ, ಎನ್ನುತ್ತಾರೆ.

ಪಾದ್ರಿ ಬಟ್ಟಲು ಒರೆಸಿದ ನಾರುಬಟ್ಟೆ,
ಅದರ ಮೊದಲ ನೀರನ್ನು ಮೋರಿಗೆ ಬಿಡಬಾರದು.
ಮಣ್ಣಿಗೇ ಹುಯ್ಯಬೇಕು.
ಎಳೆಗಳ ನಡುವೆ ಆತನ ಚೂರು,
ಕಣ್ಣಿಗೆ ಕಾಣದಷ್ಟು ಚೂರು, ಸಿಕ್ಕಿಕೊಂಡಿರಬಹುದು.
ದೇವರನ್ನು ಬಚ್ಚಲಿಗೆ ಬಿಡುವುದುಂಟೆ?

ಹಿತ್ತಲಲ್ಲಿ ಕಪ್ಪು ಕರಂಟಿನ ಪೊದೆ.
ಅದರ ಬುಡಕ್ಕೆ ಗುರುವಾರಕ್ಕೊಂದು ಬೋಗುಣಿ.
ಹುಚ್ಚು ಹಿಡಿದ ಹಾಗೆ ಕಾಯುತ್ತಿತ್ತು.
ತಂಗಿಯ ಮಗ ಟಿಮೆಕ್ ಬಾಯೆಲ್ಲ ನೇರಳೆ ಮಾಡಿಕೊಂಡು
ಕೇಳಿದ್ದ: ದೊಡ್ಡಮ್ಮಾ, ಇದರೊಳಗೂ ಅವನಿದ್ದಾನಾ?
ತೊಟ್ಟು ಉಗಿದರೆ ಪಾಪವಾ?
ನಕ್ಕಿದ್ದೆ.

ಏನಾಯಿತು ಎನ್ನುತ್ತಾರೆ. ಯಾರು ಸತ್ತರು? ಯಾರು ಮೋಸ ಮಾಡಿದರು?
ಗಾಯ ತೋರಿಸದೆ ನಂಬುವವರಲ್ಲ ಇವರು.
ಗಂಡ ಹೋಗಿ ಒಂಬತ್ತು ವರುಷ,
ಆಗೆಲ್ಲ ಪ್ರಾರ್ಥನೆ ಹೆಚ್ಚೇ ಮಾಡಿದ್ದೆ.
ಆದದ್ದು ಇಷ್ಟೆ:

ಫೆಬ್ರವರಿ. ಹಿತ್ತಲ ಬಾಗಿಲಿಗೆ ಮೊಣಕಾಲುದ್ದ ಹಿಮ.
ರೇಡಿಯೋದಲ್ಲಿ ಯಾರೋ ಬೀಟ್‌ರೂಟ್ ಬೆಲೆ ಹೇಳುತ್ತಿದ್ದ.
ಕೈ ತನ್ನ ಪಾಡಿಗೆ ತಾನು ಬೋಗುಣಿ ಎತ್ತಿ
ಸಿಂಕಿಗೆ ಸುರಿಯಿತು.

ಗುಳ್ ಎಂದಿತು ಕೊಳವೆ.
ನಿಂತೆ. ಕಾದೆ.
ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ.
ಎಂದೋ ನಿಂತುಹೋದ ಗೋಡೆ ಗಡಿಯಾರ
ಇವತ್ತು ಹೊತ್ತು ನೋಡಲು ಹೋದಾಗ ತಿಳಿದ ಹಾಗೆ.
ತಂತಿಯ ಮೇಲೆ ಬಟ್ಟೆ ಬೆಳ್ಳಗಿತ್ತು.
ಮಡಿಯಾಗಿತ್ತೋ ಇಲ್ಲವೋ
ನೋಡಿ ಹೇಳುವ ಹಾಗಿರಲಿಲ್ಲ.

ರಾತ್ರಿ ಮಂಡಿಯೂರಿದೆ. ಜಪಮಣಿ ಬೆರಳು ದಾಟಿತು.
ಐವತ್ತನ್ನೂ ಎಣಿಸಿದೆ, ಮಣಿಗಳನ್ನೇ.

ಅಳಲಿಲ್ಲವೇ ಅಂದರೆ ಅತ್ತೆ, ಸುಳ್ಳೇಕೆ.
ಮೇ ತಿಂಗಳ ಸಂಜೆ ಕವಲುದಾರಿಯ ಮಾತೆಯ ಗೂಡಿಗೆ
ಹೆಂಗಸರು ಹಾಡಲು ಹೊರಟಾಗ ಕಿಟಕಿ ಮುಚ್ಚಿ ಕೂತೆ.
ಕೆಳದನಿ ನನ್ನದಾಗಿತ್ತು.
ಅದೊಂದು ಕಾಲಿಲ್ಲದ ಮಂಚದ ಹಾಗೆ
ಹಾಡು ವಾಲಿಕೊಂಡು ಬಂತು ಬೀದಿಯುದ್ದಕ್ಕೂ.

ಬುಟ್ಟಿ ಹಿಂದಿರುಗಿಸಲು ಹೋದೆ.
ಫಾದರ್ ಸ್ಲಾವೊಮಿರ್, ಟಿಮೆಕ್‌ಗಿಂತ ನಾಲ್ಕು ವರುಷ ದೊಡ್ಡವರಿರಬೇಕು,
ಯಾರ ಮೇಲಮ್ಮಾ ಸಿಟ್ಟು, ಎಂದರು.
ಸಿಟ್ಟಾಗಿದ್ದರೆ ಬುಟ್ಟಿ ತರುತ್ತಿರಲಿಲ್ಲ ಫಾದರ್,
ಜಗಳಕ್ಕೆ ಬರುತ್ತಿದ್ದೆ.
ಸಂತರಿಗೂ ಕತ್ತಲು ಕವಿದಿತ್ತು, ಎಂದರು.
ಕತ್ತಲೇನಿಲ್ಲ, ಎಂದೆ. ನಿಜಕ್ಕೂ ಇರಲಿಲ್ಲ.
ಮೂರು ಮೂರಲೆ ಒಂಬತ್ತು ಮಡಿಕೆಯ ಬಟ್ಟೆ ತಿರುವಿ ಹಾಕುತ್ತ
ಕೊನೆಗೆ, ಮೆಲ್ಲಗೆ:
ಗಂಜಿಗೆ ಪಿಷ್ಟ ಎಷ್ಟು ಚಮಚ ಹಾಕುತ್ತಿದ್ದಿರಿ?
ಎರಡು. ಚಿಟಿಕೆ ಉಪ್ಪು.
ಬರೆದುಕೊಂಡರು ಪಾಪ.

ಅಕ್ಟೋಬರಿನಲ್ಲಿ ಗೆನೊವೆಫಾ ಸತ್ತಳು.
ಮಗಳು ಬಾಗಿಲಲ್ಲಿ ನಿಂತು,
ನೀವು ನಂಬದಿದ್ದರೂ ಪರವಾಗಿಲ್ಲವಂತೆ,
ಮೈ ತೊಳೆಯಲು ನೀವೇ ಬರಬೇಕಂತೆ, ಹೇಳಿಟ್ಟಿದ್ದಾಳೆ, ಅಂದಳು.

ಹೋದೆ.
ಮೊದಲಾದರೆ ಸ್ತೋತ್ರ ಹೇಳುತ್ತ ತೊಳೆಯುತ್ತಿದ್ದೆ,
ನಾಲ್ಕು ಸ್ತೋತ್ರಕ್ಕೆ ಒಂದು ಮೈ.
ಈ ಸಲ ಬರೀ ನೀರಿನ ಸದ್ದು.
ಕಿವಿಯ ಹಿಂದೆ. ಬೆರಳ ಸಂದಿಗಳಲ್ಲಿ.
ಎಡಗಾಲ ಹೆಬ್ಬೆರಳ ಪಕ್ಕ ಹುರುಳಿಕಾಳಿನಂಥ ಮಚ್ಚೆ,
ಅರವತ್ತು ವರುಷದ ಗೆಳತಿ, ನಾನು ನೋಡಿಯೇ ಇರಲಿಲ್ಲ.
ಅವಳು ಇನ್ನೆಲ್ಲಿಗೂ ಹೋಗುವವಳಲ್ಲ ಎಂದು
ತಿಳಿದಿದ್ದಕ್ಕೋ ಏನೋ,
ಅವಸರವಿರಲಿಲ್ಲ ಕೈಗೆ.

ಬೋಗುಣಿ ಎತ್ತಿಕೊಂಡೆ. ಮಗಳು ಬಚ್ಚಲು ತೋರಿಸಿದಳು.
ತಲೆಯಾಡಿಸಿ ಹಿತ್ತಲಿಗೆ ನಡೆದೆ, ಕತ್ತಲಲ್ಲಿ, ಪೊದೆ ತಡಕುತ್ತ.
ಅವರ ಮನೆಯಲ್ಲಿ ಕರಂಟಿನ ಗಿಡವಿಲ್ಲ.
ಎಲೆಕೋಸಿನ ಪಾತಿ ಇತ್ತು.
ಅದಕ್ಕೇ ಹುಯ್ದೆ.