ಬಾಣದ ಕೆಳಗೆ

ಕಂದು ಕಾಗದದ ಮೇಲೆ ನಾಲ್ಕು ಚೌಕ, ಮೂರು ಬಾಣ.
ಆಸ್ಪತ್ರೆಯ ಮಗ್ಗುಲಿಗೆ ತಂಗುಮನೆ ಕಟ್ಟಿದರೆ
ದಿನ ತುಂಬಿದವರು ಬಂದು ತಂಗುತ್ತಾರೆ;
ತಂಗಿದರೆ ಹೆರಿಗೆ ನರ್ಸಿನ ಕೈಯಲ್ಲಿ;
ಅಲ್ಲಾದರೆ ಸಾಯುವುದಿಲ್ಲ.
ಕೊನೆಯ ಚೌಕಕ್ಕೆ ಹಸಿರು ತುಂಬಿದ್ದೆ
ನಾನೇ, ಅಡಿಸ್ ಅಬಾಬಾದ ಏಳನೆಯ ಮಹಡಿಯಲ್ಲಿ,
ಸ್ಕೇಲ್ ಇಟ್ಟು.

ಮನೆ ಎದ್ದಿತು. ತಗಡಿನ ಸೂರು, ಹತ್ತು ಮಂಚ,
ಬಾಗಿಲ ಮೇಲೆ ದಾನಿಗಳ ಹೆಸರು.
ಹದಿನಾಲ್ಕು ತಿಂಗಳಲ್ಲಿ ತಂಗಿದವರು ಆರು ಮಂದಿ,
ಅವರಲ್ಲೊಬ್ಬಳು ಮಳೆಗೆ ನಿಂತವಳು.

ಗೋಜ್ಜಾಮಿನ ಗುಡ್ಡದ ನೆತ್ತಿಗೆ
ಹೇಸರಗತ್ತೆ ಏರಿ, ಕಾಗದ ಸುತ್ತಿಕೊಂಡು ಹೋದೆ.
ಯೆಶಿಮೆಬೆತ್ ಕಾಫಿ ಹುರಿಯುತ್ತಿದ್ದಳು.
ಹೆಂಗಸರು ಚಿತ್ರ ನೋಡಿದರು,
ಬಂದವಳ ಮರ್ಯಾದೆಗೆ ತಲೆದೂಗಿದರು.
ಎರಡು ಸುತ್ತು ಕಾಫಿ ಮುಗಿಯಿತು, ಮಾತಿಲ್ಲ.
ಮೂರನೆಯದಕ್ಕೆ ಮುದುಕಿ ತಿರುನೆಶ್ ಬೆರಳಿಟ್ಟಳು,
ಚೌಕದ ಮೇಲಲ್ಲ,
ಎರಡು ಚೌಕಗಳ ನಡುವೆ.

"ಇದೇನು, ಕಡ್ಡಿ?"
"ಬಾಣ, ಅಮ್ಮಾ. ಇಲ್ಲಿಂದ ಅಲ್ಲಿಗೆ ಹೋಗುವುದು."
"ಹೋಗುವುದು ಯಾರು?"

ನಾನು ಸುಮ್ಮನಿದ್ದೆ. ಅವಳು ಇರಲಿಲ್ಲ.
"ಇದರ ಮೇಲೆ ನಡೆಯುವವಳು ನನ್ನ ಸೊಸೆ.
ಆರು ತಾಸಿನ ಇಳಿಜಾರು, ಹೊಟ್ಟೆ ಮುಂದೆ, ಕೂಸು ಬೆನ್ನಿಗೆ.
ಅವಳು ಹೊರಟರೆ ಹಸು ಕರೆಯುವವರಾರು?
ಅಲ್ಲಿ ಒಲೆಯೇ ಇಲ್ಲವಂತೆ.
ಗೆಂಫೊ ತಿರುವಿ, ನಡುವೆ ಗುಳಿ ಮಾಡಿ
ತುಪ್ಪ ಸುರಿಯಲಾಗದ ಮನೆ ಎಂಥ ಮನೆ?
ಬಾಣವೇನೋ ಬಿಟ್ಟಿರಿ.
ಬಾಣಂತಿಗೆ ನೀರು ಕಾಯಿಸುವವರನ್ನು ಎಲ್ಲಿ ಬರೆದಿದ್ದೀರಿ?"

ಕಾಗದದ ಅಂಚಿನಲ್ಲೊಂದು ಸಣ್ಣ ಪಟ್ಟಿ: ಊಹೆಗಳು.
ಅದರಲ್ಲಿ ನಾನು ಬರೆದದ್ದು ಒಂದೇ ಸಾಲು:
'ಸಮುದಾಯದ ಸಹಕಾರವಿದೆ.'
ಯಾರೂ ಓದದ ಹಾಗೆ
ಕಾಫಿ ಬಟ್ಟಲು ಅದರ ಮೇಲಿಟ್ಟೆ.

ಅಲ್ಲಿಯವರೆಗೆ ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದ ಅಸ್ನಾಕೆಚ್
ತಲೆಯೆತ್ತದೆ ಹೇಳಿದಳು:
"ಕೊನೆಯಿಂದ ಶುರುಮಾಡು.
ನನ್ನ ಮಗಳು ಹೊಳೆಯ ಈಚೆ ದಡದಲ್ಲಿ ಹೋದಳು,
ನಾಲ್ವರು ಹೊತ್ತ ಮಂಚದ ಮೇಲೆ,
ನೀರು ಇಳಿಯಲಿ ಎಂದು ಕಾಯುತ್ತ.
ಅಲ್ಲಿಂದ ಹಿಂದಕ್ಕೆ ನಡೆ.
ಎಲ್ಲೆಲ್ಲಿ ತಡವಾಯಿತೋ ಅಲ್ಲಲ್ಲಿ ಗೀಟು ಹಾಕು."

ಹಾಕಿದೆ. ಪೆನ್ಸಿಲಿನಲ್ಲಿ.
ಒಲೆ ಬಂತು. ಅತ್ತೆಗೊಂದು ಚಾಪೆ ಬಂತು.
ಹಸುವಿಗೆ ಕೇರಿಯವರ ಸರದಿ ಬಂತು.
ಮರುವರ್ಷ ಎಂಬತ್ತಮೂರು ಮಂದಿ.

ದಾನಿಗಳ ಪತ್ರವೂ ಬಂತು: ಇದು ನಿಮ್ಮ ಒಲೆಯಿಂದಲೇ ಆಯಿತೇ?
ಅದೇ ವರ್ಷ ಸರ್ಕಾರ ಹೊಳೆಗೆ ಸೇತುವೆ ಹಾಕಿತ್ತು.
ಹೊಸ ನರ್ಸ್ ಬಂದಿದ್ದಳು, ಬೈಯದವಳು.
ಎಷ್ಟು ಪಾಲು ಬೆಂಕಿಯದು, ಎಷ್ಟು ಕಲ್ಲಿನದು,
ಎಷ್ಟು ಆ ಮೆತ್ತಗಿನ ಬಾಯಿಯದು?
ತಂಗಿದವಳೊಬ್ಬಳನ್ನು ಕೇಳಿದೆ.
"ವುಬಾಲೆಂ ಬಂದಿದ್ದಳು, ಬದುಕಿ ಬಂದಳು.
ಅದಕ್ಕೇ ಬಂದೆ," ಅಂದಳು.
ಅದಕ್ಕೆ ನನ್ನಲ್ಲಿ ಚೌಕವಿರಲಿಲ್ಲ.
'ನಾವೂ ಕಾರಣ' ಎಂದು ಬರೆದೆ;
ಬಹಳ ಹೊತ್ತು ಆ 'ಊ' ಅಕ್ಷರ ನೋಡುತ್ತ ಕೂತೆ.

ಕಾಗದ ಈಗ ಅಡುಗೆಮನೆಯ ಗೋಡೆಯಲ್ಲಿದೆ,
ಹೊಗೆ ಹಿಡಿದು, ಒಂದು ಮೂಲೆ ಹರಿದು.
ಹಸಿರು ಚೌಕಕ್ಕೆ ಮಸಿ ಕವಿದಿದೆ.
ಮೊದಲ ಬಾಣದ ಕೆಳಗೆ ಯಾರೋ
ಇದ್ದಿಲಿನಲ್ಲಿ ಒಂದು ಹಸು ಬರೆದಿದ್ದಾರೆ.
ಕೆಚ್ಚಲು ದೊಡ್ಡದು.
ತಲೆ ತಿರುಗಿಸಿ ನೋಡುತ್ತಿದೆ,
ಇವತ್ತು ಯಾರ ಸರದಿ ಎಂದು.